ನನ್ನ ಹೆಸರಿನ ಧಾಟಿ

ಕಳೆದ ತಿಂಗಳು ಪಿಂಚಣಿ ಕಾಗದದ ಕೆಲಸಕ್ಕೆಂದು ಯಾದಗಿರಿಗೆ ಹೋಗಿದ್ದೆ. ಕಚೇರಿಯಲ್ಲಿ ಎಂದಿನಂತೆ 'ಊಟ ಆದ ಮ್ಯಾಲೆ ಬರ್ರಿ' ಎಂದರು. ಬಿಸಿಲಿಗೆ ಹೆದರಿ ಸ್ಟೇಷನ್ ರಸ್ತೆಯ ಒಂದು ಪಾತ್ರೆ ಅಂಗಡಿಯ ನೆರಳಿಗೆ ನಿಂತೆ. ಒಳಗೆ ಒಬ್ಬ ಹೆಂಗಸು ಹುಣಸೆಹಣ್ಣಿಗೆ ಬೂದಿ ಕಲಸಿ ಹಿತ್ತಾಳೆಯ ಕೊಡ ತಿಕ್ಕುತ್ತಿದ್ದಳು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊಟ್ಟೆಯೊಳಗೆ ಆರಿತೆಂದುಕೊಂಡಿದ್ದ ಕಿಚ್ಚು ಮತ್ತೆ ಹೊಗೆಯಾಡಿತು. ನನ್ನ ಗಂಡ ಬ್ಯಾಂಡ್ ಮಾಸ್ತರ್. ಮದುವೆಗಳ ಕಾಲ ಬಂತೆಂದರೆ ಸುರಪುರದ ನಮ್ಮ ಮನೆಯಂಗಳದಲ್ಲಿ ಹಿತ್ತಾಳೆಯ ವಾದ್ಯಗಳೆಲ್ಲ ಹುಣಸೆಹಣ್ಣಿನಲ್ಲಿ ಮಿಂದು ಸಾಲಾಗಿ ಬಿಸಿಲು ಕಾಯಿಸುತ್ತಿದ್ದವು. ಮಗಳ ಮದುವೆಯಾದ ವರ್ಷ, ಆ ಒಂದು ಬೇಸಿಗೆ, ಆ ವಾಸನೆ ನನ್ನ ಪಾಲಿಗೆ ಕೆಟ್ಟುಹೋಯಿತು.

ಸವತಿ ಎಂದರೆ ಹೆಣ್ಣೇ ಆಗಿರಬೇಕೆಂದು ಎಲ್ಲರೂ ತಿಳಿದಿರುತ್ತಾರೆ. ನನಗೆ ಸವತಿಯಾಗಿ ಬಂದವನು ಗಂಡಸು, ಅದರಲ್ಲೂ ಪರದೇಶದವನು, ಅದರಲ್ಲೂ ನಾನು ಹುಟ್ಟುವುದಕ್ಕೆ ನೂರು ವರ್ಷಕ್ಕೂ ಮೊದಲೇ ಸತ್ತವನು. ಬದುಕಿದ್ದ ಸವತಿಯಾದರೆ ನಳದ ಹತ್ತಿರ ಸಿಕ್ಕಾಗ ನಾಲ್ಕು ಮಾತಾಡಿ ಹಗುರಾಗಬಹುದಿತ್ತು. ಸತ್ತವನ ಜೊತೆ ಜಗಳ ಆಡುವುದು ಹೇಗೆ?

ಮೊದಲು ಧಾಟಿಯ ವಿಷಯ ಹೇಳಬೇಕು. ನಮ್ಮ ಕಡೆಯ ಬ್ಯಾಂಡಿನವರು ಒಂದು ಹಾಡನ್ನು ಅದರ ಹೆಸರಿನಿಂದ ಕರೆಯುವುದಿಲ್ಲ. ಅದು ಯಾವ ಸಿನೆಮಾದ್ದು, ಯಾರು ಕಟ್ಟಿದ್ದು ಎಂಬುದು ಅವರಿಗೆ ಬೇಡವೇ ಬೇಡ. ಯಾವ ಮದುವೆಯಲ್ಲಿ ಮೊದಲ ಸಲ ನುಡಿಸಿದರೋ ಆ ಮನೆಯ ಹೆಸರೇ ಅದಕ್ಕೆ. ಬಳಿಚಕ್ರದ ಗೌಡರ ಮನೆಯಲ್ಲಿ ನುಡಿಸಿದ್ದು 'ಬಳಿಚಕ್ರ ಗೌಡ್ರ ಧಾಟಿ'. ಶಹಾಪುರದ ಕಿರಾಣಿ ಅಂಗಡಿಯವರ ಮದುವೆಯ ಕುಣಿತದ ಹಾಡು 'ಕಿರಾಣಿ ಧಾಟಿ'. ಒಂದು ಬ್ಯಾಂಡಿನ ಧಾಟಿಯನ್ನು ಇನ್ನೊಂದು ಬ್ಯಾಂಡಿನವರು ಸುಮ್ಮನೆ ನುಡಿಸುವ ಹಾಗಿಲ್ಲ. ಟವೆಲ್ ಹೊದಿಸಿ, ಎಲೆ ಅಡಿಕೆ ಕೈಗೆ ಕೊಟ್ಟು, ಆ ಬ್ಯಾಂಡಿನ ಮಾಸ್ತರರನ್ನೋ ಧಾಟಿ ಯಾರ ಹೆಸರಿನದೋ ಅವರನ್ನೋ ಪರವಾನಗಿ ಕೇಳಬೇಕು. ಕೇಳದೆ ನುಡಿಸಿದವನನ್ನು ಸುರಪುರ, ಶಹಾಪುರ, ಯಾದಗಿರಿ ಮೂರೂ ತಾಲೂಕಿನ ಬ್ಯಾಂಡಿನವರು ಕಳ್ಳನೆಂದೇ ಕರೆಯುತ್ತಾರೆ. ಕಾಯ್ದೆ ಎಲ್ಲಿಯೂ ಬರೆದಿಲ್ಲ, ಆದರೆ ಕೋರ್ಟಿನ ಕಾಯ್ದೆಗಿಂತ ಗಟ್ಟಿ.

ನನ್ನ ತವರು ದೋರನಹಳ್ಳಿ. ಮದುವೆಯಾದಾಗ ನಾನು ಆಗಷ್ಟೇ ಕನ್ನಡ ಶಾಲೆಗೆ ಟೀಚರಾಗಿ ಸೇರಿದ್ದೆ. ಬುದ್ಧನ ಫೋಟೋದ ಮುಂದೆ ಮಾಲೆ ಬದಲಾಯಿಸಿ, ಊಟ ಮುಗಿದು, ಹೆಣ್ಣೊಪ್ಪಿಸುವ ಹೊತ್ತು ಬಂತು. ನಮ್ಮ ಮಾವನವರ ಬ್ಯಾಂಡೇ ಬಂದಿತ್ತು. ನಾನು ಅವ್ವನ ಕೊರಳು ಬಿಡದೆ ಅಳುತ್ತಿದ್ದೆ. ಆಗ ಜೀಪಿನಲ್ಲಿ ಕೂತಿದ್ದ ಮದುಮಗ ಬಾಸಿಂಗ ಕಟ್ಟಿಕೊಂಡೇ ಕೆಳಗಿಳಿದು, ಬ್ಯಾಂಡಿನಲ್ಲಿದ್ದ ತನ್ನ ಕಾಕಾನ ಕೈಯಿಂದ ಕ್ಲಾರಿಯೊನೆಟ್ ಕಸಿದುಕೊಂಡು, ಯಾರೂ ಕೇಳಿರದ ಒಂದು ನಿಧಾನದ ಧಾಟಿ ಹಿಡಿದ. 'ಏ, ಮದಿಮಗನ ಬ್ಯಾಂಡ್ ಬಾರಸಾಕತ್ತಾನ!' ಎಂದು ಊರು ನಕ್ಕಿತು. ಅವ್ವನೂ ಅಳು ನಿಲ್ಲಿಸಿ ನಕ್ಕಳು. ಧಾಟಿ ಮೇಲೇರಿ, ಇಳಿಯಲಾರದೆ ಇಳಿದು, ಒಂದು ಕಡೆ ಬಂದು ನಿಂತಾಗ ನಗುತ್ತಿದ್ದವರೆಲ್ಲ ಸೆರಗು ಬಾಯಿಗಿಟ್ಟುಕೊಂಡಿದ್ದರು.

ಅಂದಿನಿಂದ ಅದು 'ರತ್ನಾನ ಧಾಟಿ'. ರತ್ನಾ ಎಂದರೆ ನಾನು. ಆಮೇಲೆ ಎಷ್ಟು ಮದುವೆಗಳಾದವೋ! ನಾನು ಮುಖ ನೋಡದ ಹುಡುಗಿಯರು, ಹೆಸರು ಕೇಳದ ಊರುಗಳಲ್ಲಿ, ನನ್ನ ಹೆಸರಿಗೆ ಅತ್ತು ಹೊಸ್ತಿಲು ದಾಟಿದರು. ಮದುವೆ ಗೊತ್ತುಮಾಡಲು ಬಂದವರು ಅಂಗಳದಲ್ಲಿ ನಿಂತೇ, 'ಹೆಣ್ಣೊಪ್ಪಿಸುಮುಂದ ರತ್ನಾನ ಧಾಟಿ ಬೇಕ್ರಿ ಮತ್ತ' ಎನ್ನುತ್ತಿದ್ದರು. ಒಳಗೆ ರೊಟ್ಟಿ ಬಡಿಯುತ್ತಿದ್ದ ನಾನು ಒಂದು ರೊಟ್ಟಿ ಹೆಚ್ಚೇ ಬಡಿಯುತ್ತಿದ್ದೆ. ಬಂಗಾರದ ಪಾಟ್ಲಿ ಇದ್ದವರಿಗೂ ಇಲ್ಲದ ಒಡವೆ ಇದು. ಶಾಲೆಯ ಉಳಿದ ಟೀಚರುಗಳ ಮುಂದೆ ನಾನು ಸ್ವಲ್ಪ ಮೆರೆದೆ ಎಂದರೂ ತಪ್ಪಿಲ್ಲ.

ಇನ್ನು ಆ ವರ್ಷ. ತೊಗರಿ ರಾಶಿ ಮುಗಿದು ಗಾಳಿಯಲ್ಲಿ ಇನ್ನೂ ಹೊಟ್ಟು ಹಾರುತ್ತಿತ್ತು. ಶಹಾಪುರದಲ್ಲಿ ನಮ್ಮ ಹೆಡ್‌ಮಾಸ್ತರರ ಮಗಳ ಮದುವೆ. ಹುಡುಗಿ ಯಾದಗಿರಿಯ ಆಸ್ಪತ್ರೆಯೊಂದರಲ್ಲಿ ನರ್ಸು, ಹಾಗಾಗಿ ಅವಳ ಜೊತೆಗೆಲಸದವರೂ ಬಂದಿದ್ದರು. ಮಲಗಿದ ಬುದ್ಧನ ಹಾಗೆ ಕಾಣುವ ಗುಡ್ಡದ ಕಡೆಗೆ ಬಿಸಿಲು ಸರಿದಿತ್ತು. ನಮ್ಮ ಮಾಸ್ತರರು, ಅಂದರೆ ನನ್ನ ಗಂಡ, ನನ್ನ ಧಾಟಿ ಮುಗಿಸಿ ಕ್ಲಾರಿಯೊನೆಟ್ಟಿನ ಬಾಯಿ ಒರೆಸುತ್ತಿದ್ದರು. ಅಷ್ಟರಲ್ಲಿ ಐವತ್ತು ದಾಟಿದ ಒಬ್ಬ ದಪ್ಪನೆಯ ಹೆಂಗಸು, ಕೈಯಲ್ಲಿದ್ದ ಊಟದ ಎಲೆಯನ್ನು ಹಾಗೇ ಹಿಡಿದುಕೊಂಡು, ಗಿಡ್ಡ ಹೆಜ್ಜೆಯಲ್ಲಿ ಓಡಿ ಬಂದಳು. ಅವಳೇ ಗ್ರೇಸಮ್ಮ. ಗುರುಮಠಕಲ್ ಕಡೆಯವಳು, ಹಿರಿಯ ನರ್ಸು. ಭಾನುವಾರ ಚರ್ಚಿನಲ್ಲಿ ಕೀಬೋರ್ಡ್ ನುಡಿಸುವವಳು.

"ಮಾಸ್ತರ್ರೇ, ಈಗ ಬಾರಿಸಿದ್ರಲ್ಲ, ಇದು ಯಾರ್ದು ಗೊತ್ತೇನ್ರಿ ನಿಮಗ?"

ಮಾಸ್ತರರು ನಗುತ್ತ ನನ್ನ ಕಡೆ ಕೈ ಮಾಡಿ, "ಗೊತ್ತಿಲ್ದ ಏನ್ರಿ? ನಮ್ಮ ಮನಿಯವ್ರದು. ಅಗೋ, ಅಲ್ಲಿ ನಿಂತಾರ ನೋಡ್ರಿ" ಎಂದರು.

ಗ್ರೇಸಮ್ಮ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಅಯ್ಯೋ ದೇವುಡಾ! ಇದು ಪೋಲೆಂಡಿನಾವಂದ್ರಿ. ಪಿಯಾನೋದ ಮ್ಯಾಲೆ ಬರ್ದಾನ. ನಾನು ಹೈದರಾಬಾದ್ ಹಾಸ್ಟೆಲ್‌ದಾಗ ಸಿಸ್ಟರ್ ಕಡಿ ಬೆತ್ತ ತಿಂದು ಕಲ್ತೇನಿ. ನೀವು ಅರ್ಧಾನೇ ಬಾರಿಸ್ತೀರಿ, ಮುಂದಿಂದು ಎಲ್ಲಿ ಬಿಟ್ರಿ?"

ಅವನ ಹೆಸರನ್ನೂ ಹೇಳಿದಳು. ನಾನು ಇಲ್ಲಿ ಬರೆಯುವುದಿಲ್ಲ. ಸವತಿಯ ಹೆಸರನ್ನು ತನ್ನ ಕೈಯಾರೆ ಬರೆದು ಮೆರೆಸುವ ಹೆಂಗಸು ಇನ್ನೂ ಹುಟ್ಟಿಲ್ಲ. ಮಾಸ್ತರರ ಮುಖ ನೋಡಿದೆ. ಮೊದಲು ನಗು ಹೋಯಿತು. ಆಮೇಲೆ ನಾನು ಇಷ್ಟು ವರ್ಷದಲ್ಲಿ ಕಂಡಿರದ ಒಂದು ಆಸೆ ಅವರ ಕಣ್ಣಿಗೆ ಬಂತು. ಹಸಿದವನಿಗೆ ಪಕ್ಕದ ಮನೆಯ ಒಗ್ಗರಣೆ ವಾಸನೆ ಬಂದ ಹಾಗೆ. "ಮುಂದ ಐತೇನ್ರಿ?" ಎಂದಷ್ಟೇ ಕೇಳಿದರು.

ಮುಂದಿನ ಭಾನುವಾರ ಯಾದಗಿರಿಯ ಬಸ್ ಹತ್ತಿದರು. ಅದರ ಮುಂದಿನ ಭಾನುವಾರವೂ. ಮದುವೆಯಿಲ್ಲದ ಒಂದು ಭಾನುವಾರವನ್ನೂ ಬಿಡಲಿಲ್ಲ. ಚರ್ಚು ಬಿಟ್ಟ ಮೇಲೆ ಗ್ರೇಸಮ್ಮನ ಮನೆಯಲ್ಲಿ ಅವಳು ನುಡಿಸುವುದು, ಇವರು ಕೇಳುವುದು. ನನಗೆ ಅನುಮಾನ ಬರಲಿಲ್ಲವೇ ಎಂದು ನೀವು ಕೇಳಬಹುದು. ಗ್ರೇಸಮ್ಮ ಚೆಂದದವಳಾಗಿದ್ದರೆ ಅನುಮಾನಪಟ್ಟು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅವಳ ಗಂಡ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದ, ಇವರಿಗೆ ಚಹಾ ಮಾಡಿಕೊಡುವವನೂ ಅವನೇ. ಅಲ್ಲಿ ಗುಟ್ಟು ಎಂಬುದು ಏನೂ ಇರಲಿಲ್ಲ. ಅದೇ ನನಗೆ ಸಂಕಟ. ಗುಟ್ಟಿದ್ದರೆ ಹಿಡಿಯಬಹುದಿತ್ತು.

ಮನೆಗೆ ಬಂದವರ ಬಾಯಲ್ಲಿ ಆ ಪೋಲೆಂಡಿನವನದೇ ಮಾತು. ಅವನಿಗೆ ಎದೆಯ ರೋಗವಿತ್ತಂತೆ. ತಾಯ್ನಾಡು ಬಿಟ್ಟವನು ಮರಳಿ ಹೋಗಲೇ ಇಲ್ಲವಂತೆ. ಮುದುಕನಾಗುವ ಮೊದಲೇ ಪ್ಯಾರಿಸಿನಲ್ಲಿ ತೀರಿಕೊಂಡನಂತೆ. ಇಂಗ್ಲಿಷ್ ಹಾಡಿನವರು ಅವನಿಂದ ಎತ್ತಿದರಂತೆ, ಹಿಂದಿ ಸಿನೆಮಾದವರು ಎತ್ತಿದರಂತೆ, ಅಳುವ ದೃಶ್ಯ ಬಂದರೆ ಜಗತ್ತಿನ ಸಿನೆಮಾದವರೆಲ್ಲ ಅವನ ಮನೆಯ ಬಾಗಿಲು ಬಡಿಯುತ್ತಾರಂತೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ!

ಒಂದು ಸಂಜೆ ನಮ್ಮ ಓಣಿಯ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಒಬ್ಬ ಔಟಾದ. ಉಳಿದವರು ಅವನ ಹಿಂದೆ ಹೆಣ ಹೊತ್ತವರ ಹಾಗೆ ನಡೆಯುತ್ತ, 'ಡಂ ಡಂ ಡಡಂ' ಎಂದು ಹಾಡಿದರು. ಕಾಮಿಡಿ ಸಿನೆಮಾಗಳಲ್ಲಿ ಯಾರಾದರೂ ಸೋತರೆ, ಸತ್ತರೆ ಬರುತ್ತದಲ್ಲ, ಅದೇ. ಮಾಸ್ತರರು ಕಟ್ಟೆಯ ಮೇಲಿಂದ ಎದ್ದು ನಿಂತು, "ಇದೂ ಅವಂದನ!" ಎಂದರು, ಲಾಟರಿ ಹೊಡೆದವರ ಹಾಗೆ. ನನಗೆ ಮೈ ಉರಿಯಿತು. ಆಮೇಲೆ ಎಲ್ಲಿ ನೋಡಿದರೂ ಅವನೇ. ಟೀವಿ ಧಾರಾವಾಹಿಯಲ್ಲಿ ಸೊಸೆ ಅತ್ತರೆ ಹಿಂದೆ ಅವನು. ಬಟ್ಟೆ ಅಂಗಡಿಯವನ ಮೊಬೈಲ್ ಸದ್ದು ಮಾಡಿದರೆ ಅವನು. ನಮ್ಮ ಸುರಪುರದಲ್ಲಿ ಅವನು ಇಲ್ಲದ ಜಾಗವೆಂದರೆ ನಮ್ಮ ಅಡುಗೆಮನೆ ಒಂದೇ ಉಳಿದಿತ್ತು. ಅಲ್ಲಿಯೂ ಮಾಸ್ತರರು ನೀರು ಕುಡಿಯಲು ಬಂದಾಗ ಗುನುಗಿ ಹೋಗುತ್ತಿದ್ದರು.

ಇಷ್ಟೇ ಆಗಿದ್ದರೆ ಸಹಿಸುತ್ತಿದ್ದೆನೋ ಏನೋ. ಹೋಳಿ ಹುಣ್ಣಿಮೆ ಕಳೆದು ಮದುವೆಗಳು ಜೋರಾದವು. ಬಳಿಚಕ್ರದಿಂದ ಒಬ್ಬರು ಬ್ಯಾಂಡ್ ಗೊತ್ತುಮಾಡಲು ಬಂದು, ಎಂದಿನ ಮಾತು ಆಡಿದರು.

"ರತ್ನಾನ ಧಾಟಿ ಮರೀಬ್ಯಾಡ್ರಿ ಮಾಸ್ತರ್."

"ಅದೊಂದು ಬಿಟ್ಟು ಬ್ಯಾರೆ ಯಾವುದರ ಕೇಳ್ರಿ, ಗೌಡ್ರ. ಅದನ್ನ ಬಂದ್ ಮಾಡೇನಿ."

"ಬಂದ್? ಅದಿಲ್ದ ಹೆಣ್ಣು ಹೆಂಗ ಒಪ್ಪಸೂದ್ರಿ?"

"ಅದು ನಂದಲ್ರಿ. ಹಿರೀ ಮನುಷ್ಯ ಒಬ್ಬಾಂವ ಕಟ್ಟಿದ್ದು. ಅವನ್ನ ಕೇಳ್ದ ಇಷ್ಟು ವರ್ಷ ಬಾರ್ಸೇನಿ, ಗೊತ್ತಿರಲಿಲ್ಲ. ಗೊತ್ತಾದ ಮ್ಯಾಲೆ ಬಾರ್ಸಿದ್ರ ಕಳವು ಆಗ್ತದ."

ಒಳಗೆ ನನ್ನ ಕೈಯಲ್ಲಿದ್ದ ಹಿಟ್ಟು ಹಾಗೇ ಒಣಗಿತು. ಗೌಡರು ಹೋದ ಮೇಲೆ ಹೊರಗೆ ಬಂದು ಕೇಳಿದೆ. "ಮೂರು ತಾಲೂಕಿನ್ಯಾಗ ನನ್ನ ಹೆಸರು ಇತ್ತು. ಒಂದು ಮಾತು ನನ್ನ ಕೇಳಬಾರದಾ?" ಅವರು ಕ್ಲಾರಿಯೊನೆಟ್ಟಿನ ಬಾಯಿಗೆ ಕಟ್ಟುವ ರೀಡನ್ನು ನಾಲಿಗೆಯಲ್ಲಿ ನೆನೆಸುತ್ತ, "ಹೆಸರು ನಿಂದು ಖರೇ, ಧಾಟಿ ಅವಂದು" ಎಂದರು. ಎಷ್ಟು ಮೆತ್ತಗೆ ಹೇಳಿದರೆಂದರೆ ಜಗಳಕ್ಕೆ ಹಿಡಿತವೇ ಸಿಗಲಿಲ್ಲ. ಆ ತಿಂಗಳು ಮದುವೆಯ ಮೇಲೆ ಮದುವೆ ಆದವು. ಯಾವ ಊರಿನಲ್ಲಿಯೂ ಯಾರೂ ನನ್ನ ಹೆಸರು ಎತ್ತಲಿಲ್ಲ.

ಕಡೆಗೆ ಒಂದು ಭಾನುವಾರ, 'ನಾನೂ ಬರ್ತೀನಿ' ಎಂದು ಸೀರೆ ಉಟ್ಟು ಹೊರಟೆ. ಒಳ್ಳೆಯ ಸೀರೆಯನ್ನೇ ಉಟ್ಟೆ. ಭೀಮಾ ಸೇತುವೆ ದಾಟುವಾಗ ನದಿಯಲ್ಲಿ ನೀರು ಅಲ್ಲಲ್ಲಿ ಮಡುಗಟ್ಟಿ ನಿಂತಿತ್ತು, ಬಸ್ಸಿನೊಳಗೆ ಬಿಸಿಗಾಳಿ ಹೊಡೆಯುತ್ತಿತ್ತು. ಗ್ರೇಸಮ್ಮ ಬಾಗಿಲಿಗೆ ಬಂದು ಎರಡೂ ಕೈ ಹಿಡಿದು, "ಟೀಚರ್, ಎಷ್ಟು ದಿನದಿಂದ ಕರಿಯಾಕತ್ತೇನಿ ನಿಮ್ಮನ್ನ, ಮಾಸ್ತರ್ ಹೇಳಿಲ್ಲೇನು?" ಎಂದಳು. ಹೇಳಿರಲಿಲ್ಲ. ಅದನ್ನೂ ನಾನು ಮನಸ್ಸಿನಲ್ಲಿ ಗಂಟು ಹಾಕಿಟ್ಟುಕೊಂಡೆ.

ಅವಳು ಕೀಬೋರ್ಡಿನ ಮೇಲಿದ್ದ ಕಸೂತಿ ಬಟ್ಟೆ ತೆಗೆದು ಕೂತಳು. ನನ್ನ ಧಾಟಿ ಶುರುವಾಯಿತು. ಅದೇ ಏರು, ಇಳಿಯಲಾರದ ಅದೇ ಇಳಿತ. ನಮ್ಮ ಬ್ಯಾಂಡು ಬಂದು ನಿಲ್ಲುವ ಜಾಗ ಬಂತು. ಅವಳು ನಿಲ್ಲಲಿಲ್ಲ. ಧಾಟಿ ಅಲ್ಲಿಂದ ಮುಂದೆ ಹೋಯಿತು. ನಗುನಗುತ್ತ ಹೋಯಿತು ಎನ್ನಬೇಕು. ಅಲ್ಲಿಯವರೆಗೆ ಅತ್ತದ್ದು ಸುಳ್ಳೋ ಎಂಬಂತೆ, ಹುಡುಗಿಯೊಬ್ಬಳ ಕೈ ಹಿಡಿದು ತಿರುಗಿಸಿದಂತೆ. ನನಗೆ ಸಂಗೀತ ಬರುವುದಿಲ್ಲ. ಆದರೆ ನನ್ನ ಹೆಸರಿಟ್ಟ ಮನೆಯಲ್ಲಿ ನಾನು ಎಂದೂ ಕಾಲಿಡದ ಇನ್ನೊಂದು ಅಂಕಣವಿದೆ ಎಂಬುದು ತಿಳಿಯಿತು. ಮಾಸ್ತರರು ಕಣ್ಣು ಮುಚ್ಚಿದ್ದರು. ತೊಡೆಯ ಮೇಲೆ ಬೆರಳುಗಳು ಆಡುತ್ತಿದ್ದವು. ಆ ಮುಖದಲ್ಲಿ ನಾನು ಎಲ್ಲಿಯೂ ಇರಲಿಲ್ಲ.

"ಇದನ್ನ ಅವನು ಯಾರ ಸಲುವಾಗಿ ಮಾಡಿದ್ದ್ರಿ?" ಎಂದು ಕೇಳಿಯೇಬಿಟ್ಟೆ.

"ಒಬ್ಬಾಕಿ ಹುಡುಗಿ ಇದ್ಲು. ಮನಿಯವ್ರು ಕೊಡಲಿಲ್ಲ. ಬಿಟ್ಟು ಹೋಗುಮುಂದ ಇದನ್ನ ಬರ್ದು ಆಕಿ ಕೈಗೆ ಕೊಟ್ಟಾನಂತ. ಆಮ್ಯಾಲೆ..." ಗ್ರೇಸಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ಆಮ್ಯಾಲೆ ಇದನ್ನೇ ಬರ್ದು ಇನ್ನಿಬ್ರು ಹೆಂಗಸ್ರಿಗೂ ಕೊಟ್ಟಾನಂತ್ರಿ!"

ಒಂದೇ ಧಾಟಿ, ಮೂವರಿಗೆ. ನಾನು ನಾಲ್ಕನೆಯವಳು. ಒಂದು ಗಳಿಗೆ ನನಗೂ ನಗು ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಹೊರಡುವಾಗ ಗ್ರೇಸಮ್ಮ ಬಾಗಿಲಲ್ಲಿ ಒಂದು ಮಾತು ಹೇಳಿದಳು, ಅದು ಒಳಗೆ ಮುಳ್ಳಿನ ಹಾಗೆ ಮುರಿದು ಉಳಿಯಿತು. "ಪಿಯಾನೋದ ಸ್ವರ ಹೊಡದ ಕೂಡಲೇ ಸಾಯಾಕ ಸುರು ಮಾಡ್ತದ್ರಿ ಟೀಚರ್. ನಿಮ್ಮ ಮಾಸ್ತರ್ ಅದನ್ನ ಉಸುರು ಕೊಟ್ಟು ಹಿಡ್ಕೊಂಡು ನಿಲ್ತಾರ, ಸಾಯಾಕ ಬಿಡೂದಿಲ್ಲ. ಬರ್ದಾಂವ ಕೇಳಿದ್ರ ಅವನೂ ಅಳ್ತಿದ್ದ." ನಾನು ಆ ಮನುಷ್ಯನ ಅಂಗಿ ಒಗೆದಿದ್ದೇನೆ, ಜ್ವರಕ್ಕೆ ಒದ್ದೆಬಟ್ಟೆ ಹಾಕಿದ್ದೇನೆ, ಬಾಯಿಹುಣ್ಣಾದಾಗ ಅಂಬಲಿ ಕುಡಿಸಿದ್ದೇನೆ. ಆದರೆ ಅವರ ಕೈಯಲ್ಲಿ ಏನಿದೆ ಎಂಬುದನ್ನು ಹೀಗೆ ಹೇಳುವ ಮಾತು ನನಗೆ ಇಷ್ಟು ವರ್ಷದಲ್ಲಿ ಹುಟ್ಟಿರಲಿಲ್ಲ. ದಿನಾ ಮಕ್ಕಳಿಗೆ ಮಾತು ಕಲಿಸುವವಳು ನಾನು.

ತಿರುಗಿ ಬರುವ ಬಸ್ಸಿನಲ್ಲಿ ಕೇಳಿದೆ. "ನಮ್ಮ ಮದುವಿ ದಿನ ಬಾರಸಿದ್ರಲ್ಲ, ಆವಾಗ ನಿಮ್ಮದಂತ ಯಾಕ ಹೇಳಿದ್ರಿ?"

"ನಾ ಎಲ್ಲಿ ಹೇಳೇನಿ? ನೀ ಕೇಳೇ ಇಲ್ಲ."

"ಮತ್ತ ಎಲ್ಲಿಂದ ತಂದ್ರಿ?"

"ಶಹಾಪುರದಾಗ ಟೂರಿಂಗ್ ಟಾಕೀಸ್ ಇತ್ತಲ್ಲ. ಟಿಕೆಟ್ ಇಲ್ದ ತಡಕಿ ಹೊರಗ ಕುಂತು ಕೇಳ್ತಿದ್ದೆ. ಯಾವ ಸಿನಿಮಾನೋ, ಪರದಾ ಕಾಣ್ತಿರಲಿಲ್ಲ. ಇಷ್ಟು ಬಂತು, ಆಮ್ಯಾಲೆ ಹೀರೋಯಿನ್ ಅಳಾಕ ಸುರು ಮಾಡಿದ್ಲು, ನಿಂತುಬಿಡ್ತು. ಅಷ್ಟಕ್ಕೇ ಮುಗೀತು ಅಂತ ತಿಳ್ಕೊಂಡೆ." ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿದರು. "ಇಷ್ಟು ವರ್ಷ ಅರ್ಧಕ್ಕೇ ಮುಗೀತಂತ ತಿಳ್ಕೊಂಡಿದ್ದೆ, ನೋಡು."

ಅವರು ಧಾಟಿಯ ಮಾತೇ ಆಡಿದರೋ ಏನೋ. ನನಗೆ ಅದು ನಮ್ಮ ಬಾಳುವೆಯ ಮಾತಾಗಿ ಕೇಳಿಸಿತು.

ಅಷ್ಟರಲ್ಲಿ ಮಗಳು ಶೀಲಾಳ ಮದುವೆ ಗೊತ್ತಾಯಿತು. ಹುಡುಗ ಶಹಾಪುರದಲ್ಲಿ ಕ್ಲರ್ಕು, ಒಳ್ಳೆಯವನು. ಮೇ ತಿಂಗಳ ಕೊನೆಗೆ ಮದುವೆ. ಒಂದು ಮುಂಜಾನೆ ಬ್ಯಾಂಡಿನವರೆಲ್ಲ ಅಂಗಳದಲ್ಲಿ ಕೂತು ಹಿತ್ತಾಳೆ ತಿಕ್ಕುತ್ತಿದ್ದರು. ಶೀಲಾ ಚಹಾ ಕೊಡುತ್ತ ಅಪ್ಪನ ಮುಂದೆ ನಿಂತಳು. "ಅಪ್ಪಾ, ಕಂಡೋರ ಮಕ್ಕಳಿಗೆಲ್ಲ ಅವ್ವನ ಧಾಟಿ ಬಾರಿಸಿ ಕಳಿಸೀದಿ. ನನ್ನ ಸುಮ್ನ ಕಳಿಸ್ತೀಯಾ?" ಎಂದವಳ ದನಿ ಒಡೆಯಿತು.

ಮಾಸ್ತರರು ಬಟ್ಟಲು ಕೆಳಗಿಟ್ಟರು. "ಇಲ್ಲವ್ವ, ಬಾರಿಸ್ತೀನಿ. ಆದ್ರ ಪರವಾನಗಿ ತಗೊಂಡು ಬಾರಿಸ್ತೀನಿ. ಅಂವ ಸತ್ತಾನ. ಅವನ ಕಡಿಂದ ಅಂತ ಗ್ರೇಸಮ್ಮಗ ಟವೆಲ್ ಹೊದಿಸಿ, ಎಲಿ ಅಡಿಕಿ ಕೊಟ್ಟು ಕೇಳ್ತೀನಿ. ನಾಳೆನ ಹೋಗ್ತೀನಿ."

ನನ್ನ ಧಾಟಿಗೆ, ನನ್ನ ಮಗಳ ಮದುವೆಗೆ, ಗ್ರೇಸಮ್ಮನ ಮುಂದೆ ಎಲೆ ಅಡಿಕೆ! ನಾನು ಅಡುಗೆಮನೆಯಿಂದ ಹೇಗೆ ಹೊರಗೆ ಬಂದೆನೋ ನನಗೇ ತಿಳಿಯದು. "ಆಕಿ ಯಾರು ಕೊಡಾಕ? ಆಕಿ ಅವನ ಮನಿ ಸೊಸಿ ಏನು?" ಎಂದು ಕೂಗಿದೆ. ಡ್ರಮ್ ಬಾರಿಸುವ ಮೈದುನ ಶರಣಪ್ಪನ ಕಡೆ ತಿರುಗಿ, "ನೀ ಹೇಳೋ ಶರಣ್ಯಾ. ನಿಮ್ಮ ಬ್ಯಾಂಡಿನ ಕಾಯ್ದೆ ಏನು? ಬಳಿಚಕ್ರ ಗೌಡ್ರ ಧಾಟಿ ಬೇಕಂದ್ರ ಯಾರ್ನ ಕೇಳ್ತಾರ? ಸಿನಿಮಾದವ್ರನ್ನ ಕೇಳ್ತಾರೇನು?" ಎಂದೆ.

ಶರಣಪ್ಪ ಕೈಯ ಹುಣಸೆಹಣ್ಣು ಕೊಡವಿಕೊಂಡ. ಅಣ್ಣನನ್ನು ನೋಡಿದ, ನನ್ನನ್ನು ನೋಡಿದ. "ವೈನಿ ಹೇಳೂದು ಬರೋಬರಿ ಐತೆಣ್ಣ. ಯಾರು ಕಟ್ಟಿದ್ರು ಅಂತ ನಾವು ಯಾವತ್ತು ಕೇಳೀವಿ? ಧಾಟಿ ಯಾರ ಹೆಸರಿಂದೋ ಅವ್ರದು. ರತ್ನಾನ ಧಾಟಿ ಅಂದ್ರ ವೈನೀದು. ಕೇಳೂದಿದ್ರ ವೈನೀನ್ನ ಕೇಳು." ಉಳಿದವರೂ ಹೌದೌದು ಎಂದು ತಲೆಯಾಡಿಸಿದರು. ಅವರಿಗೂ ಆ ಧಾಟಿ ಬಿಟ್ಟು ಮೈಯೆಲ್ಲ ಜಡ್ಡುಗಟ್ಟಿತ್ತು.

ಮಾಸ್ತರರು ಚಹಾದ ಬಟ್ಟಲನ್ನು ಗೋಡೆಯ ಬದಿಗೆ ಸರಿಸಿದರು. ಆಮೇಲೆ ಎದ್ದು ಒಳಗೆ ಹೋಗಿ, ಮದುವೆಗೆಂದು ತಂದಿದ್ದ ಹೊಸ ಟವೆಲ್ ಒಂದನ್ನು ತಂದರು. ಎಲ್ಲರ ಮುಂದೆ ನನ್ನ ಹೆಗಲಿಗೆ ಹೊದಿಸಿ, ಎಲೆ ಅಡಿಕೆ ಎರಡೂ ಕೈಯಲ್ಲಿ ಹಿಡಿದು ನಿಂತರು. "ಟೀಚರ್, ನಿಮ್ಮ ಧಾಟಿ ಬಾರಿಸಾಕ ಪರವಾನಗಿ ಕೊಡ್ರಿ." ತಮಾಷೆ ಮಾಡುತ್ತಿರಲಿಲ್ಲ. ಬಹುವಚನದಲ್ಲಿ, ತಲೆ ತಗ್ಗಿಸಿ, ಬೇರೆ ಊರಿನ ಮಾಸ್ತರರನ್ನು ಕೇಳುವ ಹಾಗೆಯೇ ಕೇಳಿದರು. ನನ್ನ ಕಣ್ಣು ತುಂಬಿದವು. ಆ ಗಳಿಗೆಗೆ ಸುಮ್ಮನೆ ಎಲೆ ಅಡಿಕೆ ತೆಗೆದುಕೊಂಡಿದ್ದರೆ ನಾನು ದೊಡ್ಡವಳಾಗುತ್ತಿದ್ದೆ. ಆದರೆ ಹೊಟ್ಟೆಕಿಚ್ಚಿನವಳಿಗೆ ಅಷ್ಟು ಕೊಟ್ಟರೆ ಸಾಲದು.

"ಕೊಡ್ತೀನಿ. ಒಂದು ಕರಾರು," ಎಂದೆ. "ನಮ್ಮ ಮದುವ್ಯಾಗ ಎಲ್ಲಿ ನಿಲ್ಲಿಸಿದ್ರೋ ಅಲ್ಲೇ ನಿಲ್ಲಿಸಬೇಕು. ಅಲ್ಲೀತನ ನಂದು. ಮುಂದಿಂದು ಅವಂದು. ಅವಂದು ಅವನಿಗೇ ಇರಲಿ, ನನ್ನ ಮಗಳ ಬಾಗಲದಾಗ ಬ್ಯಾಡ."

ಅವರು ತಲೆ ಎತ್ತಿ ನನ್ನನ್ನು ನೋಡಿದರು. "ಆಗಲಿ" ಎಂದರು.

ಮದುವೆಯ ದಿನ ಮುಂಜಾನೆಯಿಂದಲೇ ಸೆಕೆ. ಊಟದ ಹೊತ್ತಿಗೆ ಪಡುವಣದಲ್ಲಿ ಮೋಡ ಕಟ್ಟಿ, ಶಾಮಿಯಾನ ಪಟಪಟ ಬಡಿದುಕೊಳ್ಳತೊಡಗಿತು. ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು, ಎಲ್ಲ ಸಾಲಿಗೂ ಸಾಲುವಷ್ಟಿತ್ತು. ಗ್ರೇಸಮ್ಮ ಗಂಡನೊಡನೆ ಬಂದಿದ್ದಳು. ನಾನೇ ಕರೆದಿದ್ದೆ, ಕರೆಯದಿದ್ದರೆ ಸೋತಂತೆ ಆಗುತ್ತಿತ್ತು. ಶೀಲಾಳ ತಲೆ ಸವರಿ, ಹಾಲುಬಿಳುಪಿನ ಒಂದು ದೀಪ ಉಡುಗೊರೆ ಕೊಟ್ಟಳು. ಪಾಪದ ಹೆಂಗಸು, ಅವಳಲ್ಲಿ ಎಳ್ಳಷ್ಟೂ ಕೆಟ್ಟದ್ದು ಇರಲಿಲ್ಲ.

ಗಾಳಿ ಜೋರಾಯಿತೆಂದು ಹೆಣ್ಣೊಪ್ಪಿಸುವುದನ್ನು ಅವಸರ ಮಾಡಿದರು. ಶೀಲಾ ಹೊಸ್ತಿಲಲ್ಲಿ ನನ್ನ ಕೊರಳಿಗೆ ಬಿದ್ದಳು. ಕ್ಲಾರಿಯೊನೆಟ್ಟು ನನ್ನ ಧಾಟಿ ಎತ್ತಿತು. ಮದುವೆಗಳ ಆ ಇಡೀ ಸುಗ್ಗಿಯಲ್ಲಿ ಅದನ್ನು ಕೇಳದೆ ಇದ್ದ ಜನ ಒಮ್ಮೆಲೇ ತಣ್ಣಗಾದರು. ಯಾರೋ ಹಿಂದಿನಿಂದ 'ರತ್ನಾನ ಧಾಟಿ' ಎಂದು ಪಿಸುಗುಟ್ಟಿದ್ದು ಕೇಳಿಸಿತು. ಗ್ರೇಸಮ್ಮ ಹೇಳಿದ್ದು ನಿಜ. ಅವರು ಸ್ವರವನ್ನು ಉಸಿರು ಕೊಟ್ಟು ಹಿಡಿದು ನಿಲ್ಲಿಸುತ್ತಿದ್ದರು. ಹಾಗೆ ಅವರು ಎಂದೂ ನುಡಿಸಿರಲಿಲ್ಲ, ನನ್ನ ಮದುವೆಯಲ್ಲಿಯೂ. ಧಾಟಿ ಏರಿತು, ಇಳಿಯಲಾರದೆ ಇಳಿಯಿತು, ನಾನು ಹೇಳಿದ ಜಾಗಕ್ಕೆ ಬಂತು. ನಿಲ್ಲಿಸಿದರು. ಕರಾರಿನಂತೆ, ಒಂದು ಸ್ವರ ಹೆಚ್ಚಿಲ್ಲ. ನಾನು ಗೆದ್ದೆ ಎಂದುಕೊಂಡೆ.

ಜೀಪು ಹೊರಟಿತು. ದಪ್ಪ ಹನಿಗಳು ಧೂಳಿಗೆ ಬಿದ್ದವು. ಎಲ್ಲರೂ ಕೈಬೀಸುತ್ತ ಜೀಪಿನ ಹಿಂದೆ ನಾಲ್ಕು ಹೆಜ್ಜೆ ಓಡಿದರು. ನಾನು ಮಾತ್ರ ತಿರುಗಿ ನೋಡಿದೆ. ಮಾಸ್ತರರು ಶಾಮಿಯಾನದ ಕಂಬಕ್ಕೆ ಒರಗಿ ನಿಂತಿದ್ದರು. ಕ್ಲಾರಿಯೊನೆಟ್ಟು ಬಾಯಿಯಿಂದ ಕೆಳಗಿಳಿದು ಎದೆಯ ಮೇಲಿತ್ತು, ಕಣ್ಣು ಮುಚ್ಚಿದ್ದವು, ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಅವರ ಬೆರಳುಗಳು ಮಾತ್ರ ನಿಂತಿರಲಿಲ್ಲ. ಕೀಲಿಗಳ ಮೇಲೆ ಸದ್ದಿಲ್ಲದೆ ಏಳುತ್ತ, ಬೀಳುತ್ತ, ಉಳಿದ ಅರ್ಧವನ್ನು ಕೊನೆಯವರೆಗೆ ನುಡಿಸುತ್ತಿದ್ದವು. ನಾನು ಮಳೆಯಲ್ಲಿ ನಿಂತೇ ನೋಡಿದೆ. ಮಗಳು ಹೋದ ದಾರಿಯ ಕಡೆ ನಾನು ಒಮ್ಮೆಯೂ ತಿರುಗಲಿಲ್ಲ.